ಎಂಟನೇ ನಂಬರಿನ ನೀಲಿ

ಮಗು ಇನ್ನೂ ಹೊಟ್ಟೆಯಲ್ಲಿತ್ತು. ಟೈಲರಮ್ಮ ಮೆಷಿನ್ನಿನ ಮುಂದೆ ಕೂತರೆ ಹೊಟ್ಟೆ ಆಗಲೇ ಹಲಗೆಗೆ ತಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಅವಳ ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ, ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳಿದ್ದಳು: "ಯಾವ ಶಾಲೆಗೆ ಹಾಕ್ಬೇಕು ಅಂತಿದ್ದೀಯ?"

"ಮೊದ್ಲು ಹುಟ್ಲಿ ಅಕ್ಕ" ಎಂದಿದ್ದಳು ಟೈಲರಮ್ಮ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಹುಟ್ಟಿದ್ಮೇಲೆ ನೋಡೋಣ ಅಂದವರೆಲ್ಲ ಈಗ ಕೂತು ಅಳ್ತಿದ್ದಾರೆ. ನನ್ ಮಾತು ಕೇಳು."

ಈ ಓರಗಿತ್ತಿ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನೀವು ಅವಳ ಮೇಲೆ ಸುಮ್ಮನೆ ಹಲ್ಲು ಕಡಿಯುತ್ತೀರಿ. ಮುಂದಾಲೋಚನೆ ಎನ್ನುವುದು ಅವಳಿಗೆ ಅಂಟಿಕೊಂಡ ಜಾಡ್ಯ, ಅಷ್ಟೇ. ತನ್ನ ಮಗಳನ್ನು ಕಮಾನಿನ ಶಾಲೆಗೆ ಸೇರಿಸಿದ್ದು ಅವಳ ಬದುಕಿನ ದೊಡ್ಡ ಗೆಲುವು. ಆ ಗೆಲುವನ್ನು ಮನೆಮಂದಿಗೆಲ್ಲ ಹಂಚುವವರೆಗೆ ಅವಳಿಗೆ ಸಮಾಧಾನವಿಲ್ಲ.

ಕಮಾನಿನ ಶಾಲೆ ಎಂದರೆ ದೊಡ್ಡ ರಸ್ತೆಯಲ್ಲಿ ಕಲ್ಲಿನ ಕಮಾನು ಕಟ್ಟಿಸಿಕೊಂಡು ನಿಂತ ಶಾಲೆ. ಅದರ ಕಾನೂನು ಸರಳ. ಒಂದನೇ ಕ್ಲಾಸಿಗೆ ಹೊರಗಿನ ಮಕ್ಕಳನ್ನು ತೆಗೆದುಕೊಳ್ಳುವುದೇ ಇಲ್ಲ. ಅವರದೇ ನರ್ಸರಿಯಲ್ಲಿದ್ದ ಮಕ್ಕಳು ಮಾತ್ರ ಮೇಲೆ ಹೋಗಬೇಕು. ನರ್ಸರಿಗೆ ಸೇರಿಸಿಕೊಳ್ಳುವುದು ಮೂರು ತುಂಬಿದ ಮಕ್ಕಳನ್ನು, ಅದೂ 'ಸುಮ್ಮನೆ ಒಂದು ಮಾತುಕತೆ' ಆದ ಮೇಲೆ. ಅದು ಪರೀಕ್ಷೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರನೇ ವಯಸ್ಸಿಗೆ ಬಾಗಿಲು ತಪ್ಪಿದರೆ ಹತ್ತನೇ ಕ್ಲಾಸಿನವರೆಗೂ ತಪ್ಪಿದಂತೆಯೇ. ಅಲ್ಲ, ನಾನು ಕೇಳುತ್ತೇನೆ, ಮೂರು ವರ್ಷದ ಮಗುವಿಗೆ ನೆಟ್ಟಗೆ ಮೂಗು ಒರೆಸಿಕೊಳ್ಳಲೂ ಬರುವುದಿಲ್ಲ, ಅದರ ಹತ್ತನೇ ಕ್ಲಾಸು ತೀರ್ಮಾನ ಮಾಡಲು ಇವರು ಯಾರು?

ಟೈಲರಮ್ಮನಿಗೆ ಆ ಶಾಲೆ ಹೊಸದಲ್ಲ. ಅಲ್ಲಿನ ನರ್ಸರಿ ಮಕ್ಕಳ ಯೂನಿಫಾರ್ಮ್ ವರ್ಷಗಳಿಂದ ಹೊಲಿಯುತ್ತಿದ್ದವಳು ಅವಳೇ. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮೆಷಿನ್ನು, ಗೋಡೆಗೆ ತಾಗಿ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚೂರುಬಟ್ಟೆಯ ಮೂಟೆ. ಯೂನಿಫಾರ್ಮ್ ಎಂದರೆ ನೀಲಿ ಅಂಗಿ, ಬಿಳಿ ಕಾಲರು. ಜೇಬಿಲ್ಲ. ಜೇಬಿದ್ದರೆ ಮಕ್ಕಳು ಕಲ್ಲು, ಕಾಗದ, ಸತ್ತ ಜೀರುಂಡೆ ತುಂಬಿಕೊಂಡು ಬರುತ್ತವೆ ಎಂದು ಶಾಲೆಯ ಅಪ್ಪಣೆ. ಜೇಬಿಲ್ಲದ ಅಂಗಿ ಹೊಲಿಯುವಾಗಲೆಲ್ಲ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ಆದರೂ ಹೊಲಿಯುತ್ತಿದ್ದಳು. ಗಿರಾಕಿ ಹೇಳಿದ ಹಾಗೆ ಹೊಲಿಯುವುದು ಕಸುಬು.

ಮಗಳು ಹುಟ್ಟುವ ಮುಂಚಿನ ವರ್ಷ ಒಂದು ಎಡವಟ್ಟಾಯಿತು. ಕೊನೆಯ ಮೂವತ್ತು ಅಂಗಿಗಳ ಅಂಚಿಗೆ ಅವಳು ಹಾಕಿದ ದಾರ ಬಟ್ಟೆಗಿಂತ ಕೂದಲೆಳೆಯಷ್ಟು ತಿಳಿಯಾಗಿತ್ತು. ಟ್ಯೂಬ್‌ಲೈಟಿನಲ್ಲಿ ಎರಡೂ ನೀಲಿ ಒಂದೇ, ಬಿಸಿಲಿಗೆ ಹಿಡಿದರೆ ಬೇರೆ. ಶಾಲೆಯ ದೊಡ್ಡ ಮೇಡಂ ಮೂವತ್ತೂ ಅಂಗಿಗಳನ್ನು ವಾಪಸ್ ಕಳಿಸಿದರು, ಜೊತೆಗೊಂದು ಚೀಟಿ: 'ಬಣ್ಣದ ವಿಷಯದಲ್ಲಿ ನಮ್ಮ ಶಾಲೆ ರಾಜಿ ಮಾಡಿಕೊಳ್ಳುವುದಿಲ್ಲ.' ಟೈಲರಮ್ಮ ಅಷ್ಟೂ ಹೊಲಿಗೆ ಬಿಚ್ಚಿ, ಬೆರಳು ಹುಣ್ಣು ಮಾಡಿಕೊಂಡು, ಮತ್ತೆ ಹೊಲಿದಳು. ಆಮೇಲೆ ಹಗಲು ಬೆಳಕಿನಲ್ಲಿ ಕೂತು ದಾರಗಳನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿ, ಡಬ್ಬಿಗಳ ಮೇಲೆ ದಪ್ಪಗೆ ಒಂದರಿಂದ ಹದಿನಾಲ್ಕರವರೆಗೆ ಬರೆದಳು. ಶಾಲೆಯ ನೀಲಿ ಎಂಟು. ಆ ಮೋಸಗಾರ ನೀಲಿ ಒಂಬತ್ತು. ಕೆಂಪು ಏಳು. ಅಂದಿನಿಂದ ಆ ಮನೆಯಲ್ಲಿ ಬಣ್ಣದ ಹೆಸರು ಹೇಳುವುದೇ ನಿಂತುಹೋಯಿತು. ಎಲೆಕ್ಟ್ರಿಷಿಯನ್ ಆಗಿದ್ದ ಗಂಡ ಕೂಡ ಬೆಳಿಗ್ಗೆ ಎದ್ದು, "ಲೇ, ನನ್ನ ಮೂರನೇ ನಂಬರ್ ಷರ್ಟ್ ಎಲ್ಲಿ?" ಎಂದು ಕೂಗುತ್ತಿದ್ದ.

ಮಗಳು ಆ ಮೇಜಿನ ಕೆಳಗೇ ತೆವಳಿ, ನಿಂತು, ನಡೆದಳು. ಮೂಟೆಯೊಳಗೆ ಉರುಳಾಡಿ ಮೈತುಂಬ ದಾರ ಅಂಟಿಸಿಕೊಂಡು ಬರುತ್ತಿದ್ದುದರಿಂದ ಅಪ್ಪ ಅವಳನ್ನು ನೂಲುಂಡೆ ಎಂದು ಕರೆದ, ಅದು ಸವೆದು ಉಂಡೆ ಆಯಿತು. ಮೂರು ತುಂಬುವ ಹೊತ್ತಿಗೆ ಉಂಡೆ ತಾಯಿಯ ಬಲಗೈ. "ಉಂಡೆ, ಏಳು ತಾ!" ಎಂದರೆ ಸಾಕು, ಪುಟುಪುಟು ಓಡುವಳು. ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಏಳೇ" ಎಂದು ಖಾತ್ರಿ ಮಾಡಿಕೊಂಡೇ ಕೊಡುವಳು. ಎಂಟು ಒಂಬತ್ತರಲ್ಲಂತೂ ತಾಯಿ ಎಡವಿದರೂ ಮಗಳು ಎಡವುತ್ತಿರಲಿಲ್ಲ.

ಮಾತುಕತೆಯ ದಿನ ಬಂತು. ಓರಗಿತ್ತಿ ಒಂದು ತಿಂಗಳು ಮಗುವನ್ನು ತಯಾರು ಮಾಡಿದ್ದಳು. ಹಣ್ಣು, ಪ್ರಾಣಿ, ಅಪ್ಪ ಅಮ್ಮನ ಹೆಸರು, ಕೈ ಮುಗಿಯುವುದು, ಎಲ್ಲ. ಬಣ್ಣ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಬಟ್ಟೆ ಅಂಗಡಿಯಲ್ಲೇ ಬಿದ್ದು ಬೆಳೆದ ಮಗುವಿಗೆ ಬಣ್ಣ ಹೇಳಿಕೊಡುವುದು ಏನು ಬಂತು?

ದೊಡ್ಡ ಮೇಡಂ ಮೇಜಿನ ಮೇಲೆ ಒಂದು ಕಾರ್ಡು ಇಟ್ಟರು. "ಇದು ಯಾವ ಬಣ್ಣ ಪುಟ್ಟಿ?"

"ಏಳು" ಎಂದಳು ಉಂಡೆ, ಠೀವಿಯಿಂದ.

ಮೇಡಂ ನಕ್ಕರು. "ಎಷ್ಟು ಅಂತ ಕೇಳ್ಲಿಲ್ಲಮ್ಮ. ಯಾವ ಬಣ್ಣ?"

"ಏಳು!"

ಹಸಿರು ಕಾರ್ಡು ಬಂತು. "ಹನ್ನೊಂದು." ಹಳದಿ ಬಂತು. "ನಾಲ್ಕು." ನೀಲಿ ಬಂತು. ಅದನ್ನು ಉಂಡೆ ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ ನೋಡಿ, "ಒಂಬತ್ತು" ಎಂದಳು.

ಟೈಲರಮ್ಮ ಮುಂದಕ್ಕೆ ಬಾಗಿದಳು. "ಮೇಡಂ, ಅದು ಏನಂದ್ರೆ, ನಮ್ಮ ಅಂಗಡೀಲಿ..."

ಮೇಡಂ ಬೆರಳೆತ್ತಿದರು. "ಮಧ್ಯೆ ಮಾತಾಡಬಾರ್ದು ಅಂತ ಹೊರಗೆ ಬೋರ್ಡ್ ಹಾಕಿದೀವಿ."

ಕೊನೆಗೆ ಕೈಗೆ ಬಂದದ್ದು ಒಂದು ಚೀಟಿ: 'ಬಣ್ಣಗಳ ಪರಿಚಯವಿಲ್ಲ. ಮನೆಯ ಪರಿಸರ ಸುಧಾರಿಸಬೇಕು. ಮೂರು ವಾರದ ನಂತರ ಇನ್ನೊಂದು ಅವಕಾಶ.' ಬಾಗಿಲ ತನಕ ಬಂದು ಮೇಡಂ ದನಿ ತಗ್ಗಿಸಿ ಸೇರಿಸಿದರು, "ಮಗೂನ ಆ ಅಂಗಡಿಯಿಂದ ಸ್ವಲ್ಪ ದೂರ ಇಡಿ." ಅಂಗಡಿ ಎಂಬ ಮಾತನ್ನು ಅವರು ಚರಂಡಿ ಎನ್ನುವ ಹಾಗೆ ಹೇಳಿದರು.

ಸುಳ್ಳು ಯಾಕೆ, ಟೈಲರಮ್ಮನಿಗೂ ಆ ಸೀಟು ಬೇಕಿತ್ತು. ಎಂಟು ವರ್ಷ ಅಂಗಿಯ ಗಂಟು ಹೊತ್ತು ಪಕ್ಕದ ಚಿಕ್ಕ ಗೇಟಿನಿಂದಲೇ ಒಳಗೆ ಹೋಗಿ ಬಂದವಳು. ತನ್ನ ಮಗಳು ಆ ಕಮಾನಿನ ಅಡಿಯಲ್ಲಿ ಚೀಲ ಹಾಕಿಕೊಂಡು ನಡೆಯುವುದನ್ನು ಎಷ್ಟೋ ಸಲ ಕಣ್ಣಿಗೆ ಕಟ್ಟಿಕೊಂಡಿದ್ದಳು. ಹಾಗಾಗಿ ಓರಗಿತ್ತಿ ಮರುದಿನವೇ ಅಂಟುಚೀಟಿಗಳ ಕಟ್ಟು ಹಿಡಿದು ಬಂದಾಗ ಬೇಡ ಎನ್ನಲಿಲ್ಲ. ಓರಗಿತ್ತಿ ಹದಿನಾಲ್ಕು ಡಬ್ಬಿಗಳ ಮೇಲೂ ಬಣ್ಣದ ಹೆಸರು ಅಂಟಿಸಿದಳು, ನಂಬರು ಕಾಣದ ಹಾಗೆ. ಎಂಟಕ್ಕೂ 'ನೀಲಿ', ಒಂಬತ್ತಕ್ಕೂ 'ನೀಲಿ'.

"ಅಕ್ಕ, ಅವೆರಡೂ ಬೇರೆ ಬೇರೆ" ಎಂದಳು ಟೈಲರಮ್ಮ.

"ನಿನಗೆ ಸೀಟು ಬೇಕೋ, ನೀಲಿ ಬೇಕೋ?"

ದಿನಾ ಸಂಜೆ ಪಾಠ. ಉಂಡೆ "ಏಳು" ಎಂದರೆ ಓರಗಿತ್ತಿ "ತಪ್ಪು". "ನಾಲ್ಕು" ಎಂದರೆ "ತಪ್ಪು". ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ನಗುನಗುತ್ತಲೇ ತಪ್ಪು ಎನ್ನುತ್ತಿದ್ದಳು. ಮೊದಲ ವಾರ ಉಂಡೆ ಜಗಳ ಮಾಡಿದಳು. ಎರಡನೇ ವಾರ ಜಗಳ ನಿಂತಿತು. ಒಂದು ಮಧ್ಯಾಹ್ನ ಟೈಲರಮ್ಮ ಗುಂಡಿಯ ಕಾಜಾ ಹೊಲಿಯುತ್ತ, ಅಭ್ಯಾಸಬಲದಿಂದ, "ಉಂಡೆ, ಏಳು..." ಎಂದವಳು ನಾಲಗೆ ಕಚ್ಚಿಕೊಂಡು, "ಕೆಂಪು ತಾ ಕಂದ" ಎಂದಳು.

ಉಂಡೆ ಡಬ್ಬಿಗಳ ಮುಂದೆ ಹೋಗಿ ನಿಂತಳು. ನಿಂತೇ ಇದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನಂಗೆ ಗೊತ್ತಿಲ್ಲಮ್ಮ" ಎಂದಳು.

ಗೊತ್ತಿಲ್ಲವಂತೆ! ಕಣ್ಣು ಮುಚ್ಚಿಕೊಂಡೂ ಏಳನ್ನು ತರುತ್ತಿದ್ದ ಮಗು. ಟೈಲರಮ್ಮ ಎದ್ದು ತಾನೇ ರೀಲು ತೆಗೆದುಕೊಂಡಳು. ರಾತ್ರಿ ಗಂಡನ ಹತ್ತಿರ ಹೇಳಿದಾಗ ಅವನು "ನೋಡೋಣ" ಎಂದ. ನೋಡೋಣ ಎನ್ನುವುದು ಅವನ ಎಲ್ಲ ಕಾಯಿಲೆಗೂ ಒಂದೇ ಮಾತ್ರೆ.

ಮೂರನೇ ವಾರ ಒಂದು ಪರದೆಯ ಕೆಲಸ ಬಂತು. ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಒಂದು ನರ್ಸರಿಯಿದೆ, ಜನ ಅದನ್ನು ಚಪ್ಪಲಿ ಶಾಲೆ ಎಂದು ಆಡಿಕೊಳ್ಳುತ್ತಿದ್ದರು. ಅಳತೆ ತೆಗೆಯಲು ಹೋದಾಗ ಆ ಹೆಸರು ಯಾಕೆಂದು ತಿಳಿಯಿತು. ಮನೆಗೆ ಹೋಗುವ ಹೊತ್ತು. ಎಲ್ಲ ಮಕ್ಕಳ ಚಪ್ಪಲಿಯೂ ನಡುಮನೆಯಲ್ಲಿ ಒಂದೇ ರಾಶಿ. ಮಕ್ಕಳೇ ಹುಡುಕಿ, ಜೊತೆ ಮಾಡಿ, ಹಾಕಿಕೊಳ್ಳಬೇಕು. ವಯಸ್ಸಾದ ಟೀಚರ್ ಒಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಗಲಾಟೆಯೋ ಗಲಾಟೆ. ಒಂದು ಹುಡುಗಿ ಎಡದ್ದನ್ನು ಬಲಕ್ಕೆ ಹಾಕಿಕೊಂಡು ಎದ್ದಳು.

"ಟೀಚರ್, ಅದು ಅದಲುಬದಲಾಗಿದೆ" ಎಂದಳು ಟೈಲರಮ್ಮ.

"ಗೊತ್ತಮ್ಮ. ನಾಲ್ಕು ಹೆಜ್ಜೆ ನಡೀಲಿ. ಕಾಲೇ ಹೇಳುತ್ತೆ."

ನಾಲ್ಕಲ್ಲ, ಮೂರೇ ಹೆಜ್ಜೆಗೆ ಆ ಹುಡುಗಿ ನಿಂತು, ಕೆಳಗೆ ನೋಡಿ, ಕೂತು ಚಪ್ಪಲಿ ಬದಲಾಯಿಸಿಕೊಂಡಳು. ಯಾರೂ ತಪ್ಪು ಎನ್ನಲಿಲ್ಲ.

ಟೇಪು ಸುತ್ತುತ್ತ ಟೈಲರಮ್ಮ ಕೇಳಿದಳು, "ಇಲ್ಲಿಂದ ಒಂದನೇ ಕ್ಲಾಸಿಗೆ ಎಲ್ಲಿಗೆ ಹೋಗ್ತಾರೆ ಟೀಚರ್?"

"ಎಲ್ಲೆಲ್ಲಿಗೋ ಹೋಗ್ತಾರೆ. ಕಮಾನಿನ ಶಾಲೆಗೆ ಮಾತ್ರ ಇಲ್ಲ, ಅವರು ನಮ್ಮವರನ್ನ ತಗೊಳಲ್ಲ. ಅದನ್ನ ಮೊದ್ಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಬೈಬಾರ್ದು" ಎಂದು ಟೀಚರ್ ನಕ್ಕರು. ಆ ಮಾತು ಟೈಲರಮ್ಮನ ತಲೆಯಲ್ಲಿ ಮನೆಯ ತನಕ ಕೊರೆಯುತ್ತಲೇ ಬಂತು.

ಎರಡನೇ ಮಾತುಕತೆಗೆ ಗಂಡನೂ ಕೆಲಸ ಬಿಟ್ಟು ಬಂದ. ಓರಗಿತ್ತಿ ಹೊರಗಿನ ಬೆಂಚಿನ ಮೇಲೆ ಕೂತಳು. ಅದೇ ಕೋಣೆ, ಅದೇ ಕಾರ್ಡು. ಕೆಂಪು ಬಂತು. ಉಂಡೆ ಕೈ ಬೆನ್ನ ಹಿಂದೆ ಕಟ್ಟಿದಳು. ಹಸಿರು ಬಂತು. ಹಳದಿ ಬಂತು. ತುಟಿ ಪಿಟಕ್ಕೆನ್ನಲಿಲ್ಲ. ಮೇಡಂ ನೀಲಿ ಕಾರ್ಡನ್ನು ಅವಳ ಮುಖದ ಹತ್ತಿರ ತಂದರು. ಉಂಡೆಯ ಒಂದು ಕಣ್ಣು ತಾನಾಗಿಯೇ ಮುಚ್ಚಿತು, ತುಟಿ ಅಲುಗಿತು, ಆಮೇಲೆ ಅವಳು ಹೆದರಿ ತಾಯಿಯ ಕಡೆ ನೋಡಿ ಆ ಮಾತನ್ನು ನುಂಗಿಕೊಂಡಳು.

"ಏನಮ್ಮ ಇದು?" ಎಂದರು ಮೇಡಂ. "ನಮ್ಮ ಯೂನಿಫಾರ್ಮ್ ಬಣ್ಣಾನೇ ಅಲ್ವಾ! ಮನೇಲಿ ದಿನಾ ಇದನ್ನೇ ನೋಡ್ತಾಳಲ್ಲ, ಇಷ್ಟೂ ಗೊತ್ತಾಗಲ್ವಾ?"

ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಯೂನಿಫಾರ್ಮ್ ಬಣ್ಣವಂತೆ! ಮೂವತ್ತು ಅಂಗಿ ಬಿಚ್ಚಿಸಿದ ಬಾಯಲ್ಲೇ ಈ ಮಾತು! ಅವಳು ಎದ್ದಳು. ಮೇಡಂ ಕೈಯಿಂದ ಕಾರ್ಡು ತೆಗೆದುಕೊಂಡು, ಗೋಡೆಗೆ ಮಾದರಿಗೆಂದು ನೇತುಹಾಕಿದ್ದ ಅಂಗಿಯನ್ನು ಕೊಕ್ಕೆಯಿಂದ ಬಿಡಿಸಿ, ಎರಡನ್ನೂ ಕಿಟಕಿಯ ಬಿಸಿಲಿಗೆ ಹಿಡಿದಳು. ಆ ಅಂಗಿ ಹೊಲಿದದ್ದೂ ಅವಳೇ.

"ಉಂಡೆ, ಬಾ ಇಲ್ಲಿ. ಹೆದರ್ಬೇಡ. ಈ ಕಾರ್ಡು ಎಷ್ಟು?"

ಮಗು ಅಪ್ಪನ ಕಡೆ ನೋಡಿತು, ಅಮ್ಮನ ಕಡೆ ನೋಡಿತು. "ತಪ್ಪು ಅಂತೀಯಾ?"

"ಯಾರಂತಾರೋ ನೋಡ್ತೀನಿ. ಹೇಳು."

"ಒಂಬತ್ತು."

"ಈ ಅಂಗಿ?"

"ಎಂಟು."

"ಈಗ ನೀವು ಬನ್ನಿ ಮೇಡಂ. ಬಿಸಿಲಲ್ಲಿ ನೋಡಿ. ಒಂದೇನಾ?"

ಮೇಡಂ ಬಂದರು, ಕನ್ನಡಕ ಏರಿಸಿ ನೋಡಿದರು. ಎರಡು ನೀಲಿಯೂ ಬೇರೆ ಬೇರೆ ಎಂದು ಬಿಸಿಲು ಸಾರಿ ಹೇಳುತ್ತಿತ್ತು. ಅವರ ಮುಖ ಸಣ್ಣಗಾಯಿತು.

"ಬಣ್ಣದ ವಿಷಯದಲ್ಲಿ ರಾಜಿ ಇಲ್ಲ ಅಂತ ನೀವೇ ಚೀಟಿ ಬರೆದಿದ್ರಿ. ಅದಕ್ಕೇ ನಾನು ಡಬ್ಬಿ ಮೇಲೆ ನಂಬರ್ ಬರೆದದ್ದು. ಅದನ್ನ ನೋಡ್ಕೊಂಡೇ ಇವಳು ಕಲ್ತದ್ದು. ನಿಮ್ಮ ಪಾಠಾನೇ ಮೇಡಂ ಇದು. ನಿಮಗಿಂತ ಚೆನ್ನಾಗಿ ಕಲ್ತಿದ್ದಾಳೆ, ಅಷ್ಟೇ."

ಆದರೆ ಮೇಡಂ ಅಷ್ಟು ವರ್ಷ ಆ ಕುರ್ಚಿಯಲ್ಲಿ ಸುಮ್ಮನೆ ಕೂತವರಲ್ಲ. ನಗು ತಂದುಕೊಂಡು, ಮಗುವಿನ ಕೆನ್ನೆ ಸವರಿ, ಫಾರಂ ಮುಂದೆ ಸರಿಸಿದರು. "ಚುರುಕಾಗಿದ್ದಾಳೆ. ಸೀಟು ಕೊಡೋಣ. ಆದ್ರೆ ಈ ನಂಬರ್ ಅಭ್ಯಾಸ ಬಿಡಿಸ್ಬೇಕು. ಮಗೂನ ಅಂಗಡೀಲಿ ಕೂರಿಸಲ್ಲ ಅಂತ ಇಲ್ಲಿ ಬರೆದು ಸಹಿ ಹಾಕಿ. ಒಂದನೇ ಕ್ಲಾಸು, ಮುಂದಿನದ್ದು, ಎಲ್ಲ ನಮಗೆ ಬಿಡಿ."

ಸೀಟು! ಎದುರಿಗೇ ಇತ್ತು. ಟೈಲರಮ್ಮ ಪೆನ್ನು ಎತ್ತಿಕೊಂಡಳು. ಎತ್ತಿಕೊಳ್ಳಲಿಲ್ಲ ಎಂದು ಹೇಳಿದರೆ ನಾನು ಸುಳ್ಳುಗಾರ. ಪೆನ್ನಿನ ತುದಿ ಕಾಗದಕ್ಕೆ ತಾಗಿತು ಕೂಡ. ಆಗ ಯಾಕೋ ಪಕ್ಕಕ್ಕೆ ನೋಡಿದಳು. 'ಬಿಡಿಸ್ಬೇಕು' ಎಂಬ ಮಾತು ಕೇಳಿದ ಉಂಡೆಯ ಕೈಗಳು ಮತ್ತೆ ಬೆನ್ನ ಹಿಂದೆ ಹೋಗಿದ್ದವು.

ಟೈಲರಮ್ಮ ಪೆನ್ನಿನ ಮುಚ್ಚಳ ಹಾಕಿದಳು.

"ನನಗೆ ಬೇಡ ಮೇಡಂ."

"ಏನು ಬೇಡ?"

"ಸೀಟು. ನಾನು ಹೊಲಿದ ಅಂಗಿ ಬೇಕು, ನಾನು ಹೊಲಿಯೋ ಜಾಗ ಮಾತ್ರ ಗಲೀಜು, ಅಲ್ವಾ? ನನ್ನ ಮಗಳು ಗೊತ್ತಿರೋದನ್ನ ಗೊತ್ತಿಲ್ಲ ಅಂತ ಹೇಳೋದನ್ನ ಮೂರೇ ವಾರಕ್ಕೆ ಕಲ್ತಳು. ಇಲ್ಲಿ ಹತ್ತು ಹನ್ನೆರಡು ವರ್ಷ ಕೂತ್ರೆ ಇನ್ನೇನೇನು ಕಲೀತಾಳೋ!"

"ಹಾಗಾದ್ರೆ ಯೂನಿಫಾರ್ಮ್ ಆರ್ಡರ್ ಬಗ್ಗೆನೂ ನಾವು ಯೋಚ್ನೆ ಮಾಡ್ಬೇಕಾಗುತ್ತೆ."

"ಮಾಡಿ. ನಿಧಾನಕ್ಕೆ ಮಾಡಿ. ಬಿಸಿಲಲ್ಲಿ ನಿಂತ್ಕೊಂಡು ಮಾಡಿ."

ಗಂಡ ಏನನ್ನುತ್ತಾನೋ ಎಂದು ತಿರುಗಿ ನೋಡಿದರೆ, ಆ 'ನೋಡೋಣ' ಮನುಷ್ಯ ಆಗಲೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. "ನೋಡಿದ್ದಾಯ್ತಲ್ಲ. ನಡಿ" ಎಂದ.

ಕಾಲು ಅಭ್ಯಾಸದಂತೆ ಚಿಕ್ಕ ಗೇಟಿನ ಕಡೆ ತಿರುಗಿತು. ಟೈಲರಮ್ಮ ಕಾಲನ್ನು ತಡೆದಳು. ಮೂವರೂ ಕಮಾನಿನ ಅಡಿಯಿಂದಲೇ ಹೊರಗೆ ಬಂದರು.

ಹಿಂದೆಯೇ ಓರಗಿತ್ತಿ ಓಡಿ ಬಂದಳು. ಮನೆಯವರೆಗೂ ಅವಳ ಬಾಯಿ ನಿಲ್ಲಲಿಲ್ಲ. "ತಲೆ ಕೆಟ್ಟಿದೆಯಾ ನಿನಗೆ? ಕೈಗೆ ಬಂದದ್ದನ್ನ ಒದ್ದು ಬಂದ್ಯಲ್ಲೇ! ಆ ಚಪ್ಪಲಿ ಶಾಲೆಗೆ ಹಾಕ್ತೀಯಾ? ಹಾಕು. ಒಂದನೇ ಕ್ಲಾಸಿಗೆ ಏನ್ ಮಾಡ್ತೀಯ? ಅದನ್ನ ಹೇಳು ನನಗೆ, ಒಂದನೇ ಕ್ಲಾಸಿಗೆ ಏನ್ ಮಾಡ್ತೀಯ?"

ಟೈಲರಮ್ಮ ಬೀಗ ತೆಗೆದು, ಓರಗಿತ್ತಿಗೆ ನೀರು ಕೊಟ್ಟು, ತಾನೂ ಕುಡಿದಳು. "ಅಕ್ಕ, ಮೂರು ವರ್ಷ ಆದ್ಮೇಲೆ ಹಾಕೋ ಅಂಗಿಗೆ ಇವತ್ತೇ ಅಳತೆ ತಗೊಳೋ ಟೈಲರನ್ನ ಎಲ್ಲಾದ್ರೂ ನೋಡಿದ್ದೀರಾ?"

"ಹಾಗಂತ ಕೈಕಟ್ಟಿ ಕೂರ್ತೀಯಾ?"

"ಇಲ್ಲ. ಬೆಳೆಯೋ ಮಗು ಅಂತ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲೀತೀನಿ. ಆಗ ಬಿಚ್ಚೋಣ. ಶಾಲೆಗಳು ಬೇಕಾದಷ್ಟಿವೆ. ನಾಲ್ಕು ಕಡೆ ಹೋಗ್ತೀನಿ, ಕೂತು ನೋಡ್ತೀನಿ, ಕೇಳ್ತೀನಿ. ಅಷ್ಟು ಯೋಚ್ನೆ ಇದ್ರೆ ನೀವೂ ಬನ್ನಿ, ನಿಮ್ಮಷ್ಟು ತಲೆ ನನಗಿಲ್ಲ. ಆದ್ರೆ ಮಗೂನ ಕತ್ತರಿಸಿ ಅಂಗಿಗೆ ಸರಿ ಮಾಡೋ ಕೆಲಸ ನಾನು ಮಾಡಲ್ಲ."

ಓರಗಿತ್ತಿ ಮೂಗು ಮುರಿದಳು. ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಕರಕರ ಸದ್ದು ಬಂತು. ಎಲೆಕ್ಟ್ರಿಷಿಯನ್ ನೆಲದ ಮೇಲೆ ಕೂತು, ಸ್ಕ್ರೂಡ್ರೈವರಿನ ಮೊನೆಯಿಂದ ಡಬ್ಬಿಗಳ ಮೇಲಿನ ಅಂಟುಚೀಟಿಗಳನ್ನು ಒಂದೊಂದಾಗಿ ಕೆರೆದು ತೆಗೆಯುತ್ತಿದ್ದ.

ಯೂನಿಫಾರ್ಮಿನ ಆರ್ಡರ್ ಹೋಯಿತು. ಹೋಗದೆ ಇರುತ್ತದೆಯೇ? ಬೇರೆ ಯಾರೋ ಹೊಲಿದರು. ಟೈಲರಮ್ಮ ಪರದೆ, ದಿಂಬಿನ ಚೀಲ, ಹರಿದ ಜಿಪ್ಪು ಎಂದು ಸಿಕ್ಕಿದ ಕೆಲಸ ಹಿಡಿದಳು. ಆ ವರ್ಷ ಕೈ ಬಿಗಿಯಾಯಿತು, ಅದನ್ನು ಮುಚ್ಚಿಡುವುದೇನಿದೆ? ಕಮಾನಿನ ಶಾಲೆಯ ಅಮ್ಮಂದಿರು ಅಂಗಿ ಬಿಗಿಯಾಯಿತೆಂದು ತಂದರೆ ಅವಳು ಹೊಲಿಗೆ ಸಡಿಲಿಸಿ, ಕೇಳದೆಯೇ ಒಳಮಗ್ಗುಲಿಗೆ ಒಂದು ಪುಟ್ಟ ಜೇಬು ಹೊಲಿದು ಕಳಿಸುತ್ತಿದ್ದಳು. ಒಂದು ಅಂಗಿಯೂ ಜೇಬು ಬಿಚ್ಚಿ ಎಂದು ವಾಪಸ್ ಬರಲಿಲ್ಲ.

ಉಂಡೆಗೆ ಎರಡು ದೊಡ್ಡ ಜೇಬಿನ ಫ್ರಾಕು ಹೊಲಿದು, ಚಪ್ಪಲಿ ಶಾಲೆಗೆ ಕಳಿಸಿದಳು. ಮೊದಲ ವಾರವೆಲ್ಲ ಮಗು ಅಲ್ಲಿಯೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿತ್ತಂತೆ. ಟೀಚರ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಮನೆಯಲ್ಲಿ ಟೈಲರಮ್ಮನೂ ದಾರ ತಾ ಎನ್ನಲಿಲ್ಲ, ಬೇಕಾದಾಗ ತಾನೇ ಎದ್ದು ತೆಗೆದುಕೊಂಡಳು.

ಎರಡನೇ ವಾರ ಒಂದು ಮಧ್ಯಾಹ್ನ ಉಂಡೆ ಓಡುತ್ತ ಬಂದಳು. ಹೊಸ್ತಿಲಲ್ಲಿ ಚಪ್ಪಲಿಗಳನ್ನು ಜೊತೆ ಮಾಡಿಟ್ಟು, ನೇರ ಡಬ್ಬಿಗಳ ಮುಂದೆ ಕೂತಳು.

"ಅಮ್ಮಾ, ನಮ್ಮ ಟೀಚರ್‌ಗೆ ಎಂಟೂ ಒಂಬತ್ತೂ ಗೊತ್ತೇ ಇಲ್ಲ! ಎರಡೂ ನೀಲಿ ಅಂತಾರೆ."

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತಿತು. "ನೀನು ಹೇಳಿದ್ಯಾ?"

"ಹೇಳಿದೆ. ಹೌದಾ, ನಂಗೆ ಗೊತ್ತೇ ಇರ್ಲಿಲ್ಲ, ನಾಳೆ ತಂದು ತೋರಿಸು ಅಂದ್ರು."

ಉಂಡೆ ಎರಡು ಡಬ್ಬಿಗಳ ಮುಚ್ಚಳವನ್ನೂ ತಾನೇ ತೆಗೆದಳು. ರೀಲುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಟೈಲರಮ್ಮ ಕತ್ತರಿಯಿಂದ ಎರಡು ರೀಲಿನಿಂದಲೂ ಒಂದೊಂದು ಗೇಣು ದಾರ ಕತ್ತರಿಸಿ ಕೊಟ್ಟಳು. ಉಂಡೆ ಎರಡು ದಾರವನ್ನೂ ಬೇರೆ ಬೇರೆ ಸುತ್ತಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು, ಬಲಗಡೆ ಎಂಟು, ಎಡಗಡೆ ಒಂಬತ್ತು.